ದಾಲ್ ಮಿಲ್‌ನಲ್ಲಿ ಲೀನ್ ಮತ್ತು ಸುಸ್ಥಿರತೆ: ಎರಡಕ್ಕೂ ಒಂದೇ ನಕ್ಷೆ ಹಾಕುವ ಬಗೆ

ಕಲಬುರಗಿಯ ಕಪನೂರು, ನಂದೂರು-ಕೆಸರಟಗಿ ಕೈಗಾರಿಕಾ ಪ್ರದೇಶಗಳ ದಾಲ್ ಮಿಲ್‌ಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಲೀನ್ ಅಂತ ಹೇಳಿ ಒಬ್ಬರು ಬಂದು ನೆಲಕ್ಕೆ ಹಳದಿ ಗೆರೆ ಹೊಡೆಸಿ, ಗೋಡೆಗೆ ಬೋರ್ಡು ಹಾಕಿಸಿ ಹೋಗಿರುತ್ತಾರೆ. ಆಮೇಲೆ ಬೇಳೆ ಕೊಳ್ಳುವ ದೊಡ್ಡ ಕಂಪನಿ ಕಾರ್ಬನ್ ಲೆಕ್ಕ, ನೀರಿನ ಲೆಕ್ಕ, ಕೆಲಸಗಾರರ ಸುರಕ್ಷತೆಯ ಲೆಕ್ಕ ಕೇಳಿ ಹತ್ತು ಪುಟದ ನಮೂನೆ ಕಳಿಸುತ್ತದೆ. ಎರಡಕ್ಕೂ ಬೇರೆ ಬೇರೆ ಫೈಲು, ಬೇರೆ ಬೇರೆ ಸಲಹೆಗಾರರು, ಎರಡು ಸಲ ಖರ್ಚು. ಹೀಗೇ ಮಾಡಬೇಕಾ?

ಬೇಡ. ಹಾಗೆ ಬೇರೆ ಬೇರೆ ಮಾಡಿದರೆ ಎರಡೂ ತಪ್ಪು ದಾರಿ ಹಿಡಿಯುತ್ತವೆ. ಸಮಯವನ್ನು ಬರೆಯುವ ಹಾಳೆಯ ಮೇಲೆಯೇ ಕರೆಂಟು, ನೀರು, ಧೂಳು, ನುಚ್ಚು, ಕೆಲಸಗಾರನ ಬೆನ್ನುನೋವನ್ನೂ ಬರೆಯಬೇಕು. ಅದು ಹೇಗೆ ಎಂಬುದನ್ನು ತೊಗರಿ ಮಿಲ್ ಉದಾಹರಣೆ ಇಟ್ಟುಕೊಂಡು ಇಲ್ಲಿ ಹಂತ ಹಂತವಾಗಿ ಬರೆದಿದೆ. ಕೆಳಗಿನ ಅಂಕಿಗಳೆಲ್ಲ ದಿನಕ್ಕೆ 100 ಕ್ವಿಂಟಾಲ್ ತೊಗರಿ ಒಡೆಯುವ ಒಂದು ಕಾಲ್ಪನಿಕ ಮಿಲ್ಲಿನವು, ಲೆಕ್ಕ ತೋರಿಸುವುದಕ್ಕಷ್ಟೇ. ನಿಮ್ಮ ಅಂಕಿ ನಿಮ್ಮ ಮೀಟರಿನಿಂದ, ನಿಮ್ಮ ಕಾಟಾದಿಂದ ಬರಬೇಕು.

ಮೊದಲು ಎರಡು ಪದ. ಲೀನ್ ಎಂದರೆ ಗಿರಾಕಿ ದುಡ್ಡು ಕೊಡದ ಕೆಲಸವನ್ನೆಲ್ಲ ಕಡಿಮೆ ಮಾಡುವ ಪದ್ಧತಿ. ಇದು ಜಪಾನಿನ ಟೊಯೋಟಾದಲ್ಲಿ ಬೆಳೆಯಿತು. ಅಲ್ಲಿನ ತೈಚಿ ಓಹ್ನೊ ಪಟ್ಟಿ ಮಾಡಿದ ಏಳು ಪೋಲುಗಳು ಇವತ್ತಿಗೂ ಅದರ ಬುನಾದಿ: ಬೇಕಿದ್ದಕ್ಕಿಂತ ಹೆಚ್ಚು ತಯಾರಿಕೆ, ಕಾಯುವಿಕೆ, ಅನಗತ್ಯ ಸಾಗಣೆ, ಅತಿ ಸಂಸ್ಕರಣೆ, ದಾಸ್ತಾನು, ಅನಗತ್ಯ ಓಡಾಟ, ದೋಷದ ಮಾಲು. ಸುಸ್ಥಿರತೆಯ ಮೌಲ್ಯಮಾಪನ ಎಂದರೆ ಒಂದು ಕ್ವಿಂಟಾಲ್ ಬೇಳೆ ತಯಾರಾಗಲು ಪರಿಸರದ ಮೇಲೆ, ದುಡಿಯುವವರ ಮೇಲೆ, ಲಾಭದ ಮೇಲೆ ಬೀಳುವ ಭಾರವನ್ನು ಅಳೆಯುವುದು. ಪರಿಸರದ ಭಾಗಕ್ಕೆ ಐಎಸ್‌ಒ 14040 ಮತ್ತು 14044 ಎಂಬ ಮಾನದಂಡಗಳಿವೆ. ಅವು ಹೇಳುವ ಕ್ರಮ ನಾಲ್ಕು ಮೆಟ್ಟಿಲಿನದು: ಗುರಿ ಮತ್ತು ಗಡಿ ಗೊತ್ತು ಮಾಡು, ಒಳಹೋಗುವುದು ಹೊರಬರುವುದನ್ನು ಅಳೆ, ಪರಿಣಾಮ ಲೆಕ್ಕ ಹಾಕು, ಅರ್ಥ ಮಾಡಿಕೊ. ಕೆಳಗಿನ ಹಂತಗಳು ಈ ಕ್ರಮದಲ್ಲೇ ಇವೆ.

ಬೇಕಾಗುವ ಸಾಮಾನು

ಚೀಲ ತೂಗುವ ಕಾಟಾ ಮಿಲ್ಲಿನಲ್ಲಿ ಇದ್ದೇ ಇರುತ್ತದೆ. ಕಾಳಿನ ತೇವಾಂಶ ಮಾಪಕ, ಗಡಿಯಾರಕ್ಕೆ ಮೊಬೈಲು, ಉದ್ದನೆಯ ಬಿಳಿ ಹಾಳೆ, ಪೆನ್ಸಿಲ್ಲು ಬೇಕು. ಕರೆಂಟಿಗೆ ಕ್ಲ್ಯಾಂಪ್ ಮೀಟರು ಬೇಕು. ಕೊಳ್ಳುವಾಗ ಬರೀ ಆಂಪಿಯರ್ ತೋರಿಸುವುದನ್ನು ಬಿಟ್ಟು ಕಿಲೋವ್ಯಾಟ್ ಮತ್ತು ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಎರಡೂ ತೋರಿಸುವುದನ್ನೇ ಕೊಳ್ಳಿ. ಕಾರಣ ನಾಲ್ಕನೇ ಹಂತದಲ್ಲಿದೆ.

ಜನರ ಪೈಕಿ ರೋಲರ್ (ಕಾಳಿನ ಸಿಪ್ಪೆ ಉಜ್ಜಿ ತೆಗೆಯುವ ಯಂತ್ರ) ನಡೆಸುವ ಮಿಸ್ತ್ರಿ, ಲೆಕ್ಕ ಬರೆಯುವ ಮುನೀಮ, ಹಮಾಲರಲ್ಲಿ ಒಬ್ಬರು, ಅಂಗಳದಲ್ಲಿ ಕಾಳು ಹರವುವ ಹೆಂಗಸರಲ್ಲಿ ಒಬ್ಬರು. ಕೊನೆಯ ಇಬ್ಬರನ್ನು ಬಿಟ್ಟು ಮಾಡಿದ ನಕ್ಷೆಯಲ್ಲಿ ಅರ್ಧ ಸತ್ಯ ಬಿಟ್ಟುಹೋಗುತ್ತದೆ. ಕಾಳು ಎಲ್ಲಿ ಚೆಲ್ಲುತ್ತದೆ ಎಂದು ಗೊತ್ತಿರುವುದು ಗುಡಿಸುವವರಿಗೆ.

ಹಂತ 1: ಗಡಿ ಮತ್ತು ಅಳತೆಯ ಘಟಕ

ಎಲ್ಲಿಂದ ಎಲ್ಲಿಯವರೆಗೆ ಅಳೆಯುತ್ತೀರಿ ಎಂದು ಮೊದಲು ಬರೆಯಿರಿ. ಮೊದಲ ಸಲಕ್ಕೆ ‘ಗೇಟಿನಿಂದ ಗೇಟಿಗೆ’ ಸಾಕು. ತೊಗರಿ ಲಾರಿ ಒಳಗೆ ಬಂದಲ್ಲಿಂದ ಬೇಳೆಯ ಚೀಲ ಲಾರಿ ಹತ್ತುವವರೆಗೆ. ಹೊಲದ ಲೆಕ್ಕ, ಅಂದರೆ ಗೊಬ್ಬರ, ಔಷಧಿ, ಟ್ರ್ಯಾಕ್ಟರಿನ ಡೀಸೆಲ್ಲು, ಈಗ ಬೇಡ.

ಘಟಕ ಎಂದರೆ ಯಾವುದಕ್ಕೆ ಹೋಲಿಸಿ ಲೆಕ್ಕ ಹಾಕುತ್ತೀರಿ ಎಂಬುದು. ‘ಒಡೆದ ತೊಗರಿಯ ಕ್ವಿಂಟಾಲಿಗೆ’ ಎಂದು ಇಟ್ಟುಕೊಳ್ಳುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ರೋಲರು ಕಾಳನ್ನು ಪುಡಿ ಮಾಡಿದರೂ ನಿಮ್ಮ ಅಂಕಿ ಚೆನ್ನಾಗಿಯೇ ಕಾಣುತ್ತದೆ. ‘ಚೀಲ ತುಂಬಿದ ಒಂದು ಕ್ವಿಂಟಾಲ್ ಮೊದಲ ದರ್ಜೆಯ ಬೇಳೆಗೆ’ ಎಂದೇ ಇಟ್ಟುಕೊಳ್ಳಿ. ಫಟ್ಕಾ, ಸವಾ ನಂಬರ್ ಎಂಬ ಬೇಳೆಯ ಎರಡೂ ದರ್ಜೆ ಮಾಡುವ ಮಿಲ್ಲಾದರೆ ಒಂದೊಂದಕ್ಕೂ ಬೇರೆ ಹಾಳೆ.

ಹಂತ 2: ಕೊನೆಯಿಂದ ಹಿಂದಕ್ಕೆ ನಡೆಯಿರಿ

ಲಾರಿ ತುಂಬುವ ಕಟ್ಟೆಯ ಮೇಲೆ ನಿಂತು ಹಿಂದಕ್ಕೆ ನಡೆಯಲು ಶುರು ಮಾಡಿ: ಗೋದಾಮು, ಚೀಲ ಹೊಲಿಗೆ, ಸಾರ್ಟೆಕ್ಸು (ಬಣ್ಣ ನೋಡಿ ಕೆಟ್ಟ ಬೇಳೆ ಬೇರ್ಪಡಿಸುವ ಯಂತ್ರ), ಜರಡಿ, ಒಡೆಯುವ ಯಂತ್ರ, ರೋಲರು, ಅಂಗಳ, ಸಿಪ್ಪೆ ಸಡಿಲಾಗಲು ಎಣ್ಣೆ ಹಚ್ಚುವ ಜಾಗ, ಶುದ್ಧೀಕರಣ, ಕಚ್ಚಾ ತೊಗರಿಯ ರಾಶಿ. ಮುಂದಿನಿಂದ ನಡೆದರೆ ಯಂತ್ರಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಹಿಂದಿನಿಂದ ನಡೆದರೆ ಎರಡು ಯಂತ್ರದ ನಡುವೆ ಕೂತ ಮಾಲು ಕಾಣುತ್ತದೆ. ಪ್ರತಿ ನಿಲ್ದಾಣಕ್ಕೆ ಹಾಳೆಯಲ್ಲಿ ಒಂದು ಚೌಕ, ಎರಡು ಚೌಕದ ನಡುವೆ ಕೂತ ಮಾಲಿಗೆ ಒಂದು ತ್ರಿಕೋನ ಹಾಕಿ, ಅದರೊಳಗೆ ಚೀಲದ ಸಂಖ್ಯೆ ಬರೆಯಿರಿ. ಲೀನ್ ಭಾಷೆಯಲ್ಲಿ ಇದಕ್ಕೆ ಮೌಲ್ಯ ಹರಿವಿನ ನಕ್ಷೆ ಎನ್ನುತ್ತಾರೆ.

ಪ್ರತಿ ಚೌಕದ ಕೆಳಗೆ ಆರು ಸಾಲು ಬಿಡಿ: ಸಮಯ, ಜನ, ಯೂನಿಟ್, ನೀರು ಅಥವಾ ಎಣ್ಣೆ, ಹೊರಬಿದ್ದ ನಷ್ಟ, ದುಡಿಯುವವರ ತೊಂದರೆ. ಬರೀ ಲೀನ್ ನಕ್ಷೆಯಲ್ಲಿ ಮೊದಲೆರಡು ಮಾತ್ರ ಇರುತ್ತವೆ. ಸುಸ್ಥಿರತೆ ಸೇರುವುದು ಉಳಿದ ನಾಲ್ಕರಲ್ಲಿ.

ಅಡಿಯಲ್ಲಿ ಸಮಯದ ಗೆರೆ ಎಳೆಯಿರಿ. ನಮ್ಮ ಉದಾಹರಣೆಯ ಮಿಲ್ಲಿನಲ್ಲಿ ಶುದ್ಧೀಕರಣಕ್ಕೆ 2 ಗಂಟೆ, ಕಾಳಿನ ಸಿಪ್ಪೆಗೆ ಗೀರು ಹಾಕಲು 2, ಸಿಪ್ಪೆ ತೆಗೆಯಲು 5, ಒಡೆದು ಜರಡಿ ಹಿಡಿಯಲು 2, ಸಾರ್ಟೆಕ್ಸು ಮತ್ತು ಚೀಲಕ್ಕೆ 3. ಒಟ್ಟು 14 ಗಂಟೆ. ಅದೇ ತೊಗರಿ ಗೇಟು ಹೊಕ್ಕಿ ಬೇಳೆಯಾಗಿ ಹೊರಡಲು 12 ದಿನ, ಅಂದರೆ 288 ಗಂಟೆ. ಯಂತ್ರ ಮುಟ್ಟಿದ ಹೊತ್ತು ಶೇ 5ಕ್ಕಿಂತ ಕಡಿಮೆ. ಉಳಿದದ್ದು ಎಣ್ಣೆ ಹಚ್ಚಿ ರಾಶಿ ಹಾಕಿದ ರಾತ್ರಿ, ಅಂಗಳದ ಬಿಸಿಲು, ಗೋದಾಮಿನ ನಿದ್ದೆ.

ಎಚ್ಚರ: ದಾಸ್ತಾನೆಲ್ಲ ಪೋಲು ಎಂದು ಲೀನ್ ಪುಸ್ತಕ ಹೇಳುತ್ತದೆ. ಅದು ಕಾರಿನ ಬಿಡಿಭಾಗಕ್ಕೆ ಸರಿ. ನಮ್ಮಲ್ಲಿ ತೊಗರಿ ರಾಶಿ ಆಗುವುದು ಡಿಸೆಂಬರ್‌ನಿಂದ ಒಂದೆರಡು ತಿಂಗಳು, ಬೇಳೆ ಮಾರುವುದು ವರ್ಷವಿಡೀ. ಕಚ್ಚಾ ತೊಗರಿಯ ದಾಸ್ತಾನನ್ನು ಪೋಲಿನ ಲೆಕ್ಕಕ್ಕೆ ಹಿಡಿಯಬೇಡಿ. ಯಂತ್ರಗಳ ನಡುವಿನ ಮಾಲು ಮತ್ತು ತಯಾರಾದ ಬೇಳೆಯನ್ನು ಮಾತ್ರ ಹಿಡಿಯಿರಿ. ತಯಾರಾದ ಮಾಲು ಹೆಚ್ಚು ದಿನ ಕೂತಷ್ಟೂ ನುಸಿ, ನುಸಿ ಬಂದಷ್ಟೂ ವಿಷದ ಹೊಗೆ ಹಾಕುವ ಕೆಲಸ. ಆ ದಿನ ಕಡಿಮೆ ಮಾಡಿದರೆ ಬಂಡವಾಳವೂ ಬಿಡುಗಡೆ, ಅಪಾಯವೂ ಕಡಿಮೆ.

ಹಂತ 3: ತೂಕದ ತಾಳೆ

ಇದನ್ನು ಬಿಟ್ಟು ಮುಂದೆ ಹೋದವರ ಲೆಕ್ಕ ಒಂದೂ ನಿಲ್ಲುವುದಿಲ್ಲ. ಒಳಹೋದದ್ದೆಷ್ಟು, ಹೊರಬಂದದ್ದೆಷ್ಟು, ಎರಡೂ ಕೂಡಬೇಕು. ತೊಗರಿಯಲ್ಲಿ ಇದು ಕೈಕೊಡುವುದು ತೇವಾಂಶದಿಂದ. ಒಳಗೆ ಬರುವಾಗ ಶೇ 12 ತೇವ ಇದ್ದ ಕಾಳು ಬೇಳೆಯಾಗಿ ಹೊರಗೆ ಹೋಗುವಾಗ ಶೇ 10 ಇರಬಹುದು. ಆ ನೀರು ಬಿಸಿಲಿಗೆ ಹೋಗಿದೆ, ಯಾರೂ ಕದ್ದಿಲ್ಲ, ರೋಲರೂ ತಿಂದಿಲ್ಲ. ಆದ್ದರಿಂದ ಒಣ ತೂಕದಲ್ಲಿ ಲೆಕ್ಕ ಹಾಕಿ.

ಒಳಗೆ 10,000 ಕೆ.ಜಿ., ತೇವ ಶೇ 12. ಒಣ ತೂಕ 8,800 ಕೆ.ಜಿ. ಹೊರಗೆ ಬಂದದ್ದು: ಬೇಳೆ 7,200 ಕೆ.ಜಿ., ತೇವ ಶೇ 10, ಒಣ ತೂಕ 6,480. ನುಚ್ಚು 600, ತೇವ ಶೇ 10, ಒಣ ತೂಕ 540. ಹೊಟ್ಟು ಮತ್ತು ಚುನಿ (ಬೇಳೆಯ ಪುಡಿ, ಸಿಪ್ಪೆಯ ಚೂರು ಬೆರೆತದ್ದು) ಸೇರಿ 1,800, ತೇವ ಶೇ 9, ಒಣ ತೂಕ 1,638. ಮಣ್ಣು-ಕಲ್ಲು 100, ಇದಕ್ಕೆ ತೇವ ಹಿಡಿಯಬೇಕಿಲ್ಲ. ಒಣ ತೂಕ ಕೂಡಿದರೆ 8,758.

ಮುನೀಮನ ಪುಸ್ತಕದಲ್ಲಿ 10,000ಕ್ಕೆ 9,700 ಕಾಣುತ್ತದೆ, 300 ಕೆ.ಜಿ. ಮಾಯ. ಒಣ ತೂಕದಲ್ಲಿ ನೋಡಿದರೆ ನಿಜವಾಗಿ ಕಾಣೆಯಾದದ್ದು 42 ಕೆ.ಜಿ. ಮಾತ್ರ, ಉಳಿದ 258 ನೀರು. ಆ 42 ಕೆ.ಜಿ. ಎಲ್ಲಿ ಎಂದು ಈಗ ಹುಡುಕಿ. ಸಾಮಾನ್ಯವಾಗಿ ಬ್ಲೋವರಿನ ಬಾಯಲ್ಲಿ, ತೊಲೆಯ ಮೇಲೆ, ಕಾಳನ್ನು ಮೇಲೆತ್ತುವ ಎಲಿವೇಟರಿನ ಬುಡದ ಗುಂಡಿಯಲ್ಲಿ ಸಿಗುತ್ತದೆ. ವ್ಯತ್ಯಾಸ ಶೇ 1ರೊಳಗೆ ಬರುವವರೆಗೆ ಅಳತೆಯನ್ನು ಮತ್ತೆ ಮಾಡಿ.

ತೇವಾಂಶ ಮಾಪಕದಲ್ಲಿ ಧಾನ್ಯದ ಆಯ್ಕೆ ತೊಗರಿಗೇ ಇದೆಯೇ ನೋಡಿಕೊಳ್ಳಿ. ಕಡಲೆಗೆ ಇಟ್ಟು ತೊಗರಿ ಅಳೆದರೆ ಅಂಕಿ ತಪ್ಪುತ್ತದೆ. ಬಿಸಿಲಲ್ಲಿ ಕಾದ ಕಾಳನ್ನು ನೆರಳಲ್ಲಿ ಆರಿಸಿ ಆಮೇಲೆ ಅಳೆಯಿರಿ. ತಳಿಯನ್ನೂ ಬರೆಯಿರಿ. ಟಿಎಸ್-3ಆರ್, ಜಿಆರ್‌ಜಿ-811, ಬಿಎಸ್‌ಎಂಆರ್-736, ಮಾರುತಿ, ಇವುಗಳ ಕಾಳಿನ ಗಾತ್ರ, ಸಿಪ್ಪೆ ಬಿಡುವ ಗುಣ ಒಂದೇ ಅಲ್ಲ. ಈ ವಾರ ಒಂದು ತಳಿ, ಮುಂದಿನ ವಾರ ಇನ್ನೊಂದು ಒಡೆದು ಸುಧಾರಣೆ ಆಯಿತೆಂದು ಹಿಗ್ಗುವುದು ಬಹಳ ಕಡೆ ನಡೆಯುತ್ತದೆ.

ಹಂತ 4: ಕರೆಂಟು ಮತ್ತು ಡೀಸೆಲ್ಲು

ಜೆಸ್ಕಾಂ ಬಿಲ್ಲು ತಿಂಗಳ ಒಟ್ಟು ಯೂನಿಟ್ ಹೇಳುತ್ತದೆ. ಯಾವ ಯಂತ್ರ ಎಷ್ಟು ತಿಂದಿತು ಅಂತ ಅದರಲ್ಲಿ ಇರುವುದಿಲ್ಲ. ಒಂದೊಂದು ಮೋಟಾರಿಗೂ ಕ್ಲ್ಯಾಂಪ್ ಹಾಕಿ ಎರಡು ಸಲ ಅಳೆಯಿರಿ, ಮಾಲು ಹರಿಯುವಾಗ ಒಂದು ಸಲ, ಖಾಲಿ ತಿರುಗುವಾಗ ಒಂದು ಸಲ. ಕಿಲೋವ್ಯಾಟ್ ತೋರಿಸದ ಮೀಟರಿದ್ದರೆ ಸೂತ್ರ ಇದು: 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್ ÷ 1000. 415 ವೋಲ್ಟ್, 20 ಆಂಪಿಯರ್, ಪವರ್ ಫ್ಯಾಕ್ಟರ್ 0.85 ಇದ್ದರೆ 12.2 ಕಿಲೋವ್ಯಾಟ್.

ಎಚ್ಚರ: ಖಾಲಿ ತಿರುಗುವ ಮೋಟಾರಿನ ಪವರ್ ಫ್ಯಾಕ್ಟರ್ ಬಹಳ ಕೆಳಗೆ ಬಿದ್ದಿರುತ್ತದೆ. ಅಲ್ಲಿಯೂ 0.85 ಹಾಕಿ ಗುಣಿಸಿದರೆ ಪೋಲು ನಿಜಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತದೆ. ಆ ಅಂಕಿ ನಂಬಿ ಹೊಸ ಮೋಟಾರು ಕೊಂಡವರಿಗೆ ಬಿಲ್ಲು ಇಳಿಯುವುದಿಲ್ಲ.

ಖಾಲಿ ಓಟ ಎಲ್ಲಿ ನಡೆಯುತ್ತದೆ? ಊಟದ ಹೊತ್ತು, ಚೀಲ ಬದಲಿಸುವ ಹೊತ್ತು, ಅಂಗಳದಿಂದ ಕಾಳು ಬರುವುದನ್ನು ಕಾಯುವ ಹೊತ್ತು. ರೋಲರು ನಿಂತಿರುತ್ತದೆ, ಎಲಿವೇಟರು ಬ್ಲೋವರು ತಿರುಗುತ್ತಲೇ ಇರುತ್ತವೆ. ಇವು ಖಾಲಿಯಾಗಿ 8 ಕಿಲೋವ್ಯಾಟ್ ಎಳೆದು ದಿನಕ್ಕೆ ಒಂದೂವರೆ ಗಂಟೆ ತಿರುಗಿದರೆ 12 ಯೂನಿಟ್. 300 ದಿನಕ್ಕೆ 3,600. ಹಳೆಯ ಮಿಲ್ಲುಗಳಲ್ಲಿ ಒಂದೇ ಮೋಟಾರು, ಒಂದೇ ಉದ್ದನೆಯ ಶಾಫ್ಟು, ಅದರಿಂದ ಎಲ್ಲ ಯಂತ್ರಕ್ಕೂ ಪಟ್ಟಾ. ಅಲ್ಲಿ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಲು ಆಗದು. ಅಂಥ ಕಡೆ ಮೊದಲು ಬ್ಲೋವರನ್ನು ಬೇರೆ ಮೋಟಾರಿಗೆ ಹಾಕಿ.

ಬ್ಲೋವರಿನ ಗಾಳಿ ಹೆಚ್ಚಾದರೆ ಬಾಗಿಲು ಅರ್ಧ ಮುಚ್ಚುವುದು ರೂಢಿ. ಅದರಿಂದ ಕರೆಂಟು ಉಳಿಯುವುದು ಅಲ್ಪ. ವೇಗ ತಗ್ಗಿಸಬೇಕು. ಫ್ಯಾನಿನ ವೇಗ ಶೇ 10 ಇಳಿದರೆ ಅದು ಎಳೆಯುವ ವಿದ್ಯುತ್ತು ಸುಮಾರು ಶೇ 27 ಇಳಿಯುತ್ತದೆ, ಏಕೆಂದರೆ ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ರಾಟೆಯ ಅಳತೆ ಬದಲಿಸಿದರೂ ಆಗುತ್ತದೆ, ವೇಗ ನಿಯಂತ್ರಕ ಹಾಕಿದರೂ ಆಗುತ್ತದೆ.

ಸಾರ್ಟೆಕ್ಸಿಗೆ ಗಾಳಿ ಕೊಡುವ ಕಂಪ್ರೆಸರನ್ನು ಬಿಡಬೇಡಿ. ಮಧ್ಯಾಹ್ನ ಸಾರ್ಟೆಕ್ಸು ನಿಲ್ಲಿಸಿ ಕಂಪ್ರೆಸರು ಮಾತ್ರ ಓಡಲಿ. ಎಷ್ಟು ಹೊತ್ತು ಗಾಳಿ ತುಂಬುತ್ತದೆ, ಎಷ್ಟು ಹೊತ್ತು ಬಿಡುವು ಎಂದು ಗಡಿಯಾರ ಹಿಡಿಯಿರಿ. ಒಂದೂವರೆ ನಿಮಿಷ ತುಂಬಿ ನಾಲ್ಕೂವರೆ ನಿಮಿಷ ಬಿಡುವಾದರೆ 1.5 ÷ 6, ಅಂದರೆ ಶೇ 25 ಗಾಳಿ ಸೋರಿಕೆಗೇ ಹೋಗುತ್ತಿದೆ. 7 ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತು ಮೂರರಿಂದ ನಾಲ್ಕು ಕಿಲೋವ್ಯಾಟ್ ನುಂಗುತ್ತದೆ. ಸೋಪಿನ ನೀರು, ಬ್ರಷ್ಷು ಹಿಡಿದು ಜೋಡಣೆಗಳ ಮೇಲೆ ಬಳಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ. ಇಡೀ ಕೆಲಸದಲ್ಲಿ ಅತಿ ಅಗ್ಗದ ಉಳಿತಾಯ ಇದೇ.

ಈಗ ಇಂಗಾಲದ ಲೆಕ್ಕ. ಗ್ರಿಡ್ಡಿನ ಒಂದು ಯೂನಿಟ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಎಂಬುದನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಅದು ಸುಮಾರು 0.7 ಕೆ.ಜಿ. ಡೀಸೆಲ್ಲಿಗೆ ಲೀಟರಿಗೆ 2.68 ಕೆ.ಜಿ. ದಿನಕ್ಕೆ 600 ಯೂನಿಟ್, ಜನರೇಟರಿಗೆ 20 ಲೀಟರ್ ಡೀಸೆಲ್ ಎಂದರೆ 420 ಮತ್ತು 54, ಒಟ್ಟು 474 ಕೆ.ಜಿ. ವರದಿಯಲ್ಲಿ ಯಾವ ವರ್ಷದ ಅಂಕಿ ಬಳಸಿದ್ದೀರಿ ಎಂದು ಬರೆಯಿರಿ.

ಹಂತ 5: ಭಾರ ಹಂಚುವುದು

474 ಕೆ.ಜಿ.ಯನ್ನು 72 ಕ್ವಿಂಟಾಲ್ ಬೇಳೆಗೆ ಭಾಗಿಸಿದರೆ 6.6. ಆದರೆ ಅದೇ ಕರೆಂಟಿನಿಂದ ನುಚ್ಚು, ಚುನಿಯೂ ಬಂದಿವೆ, ಅವೂ ದನದ ಮೇವಿಗೆ ಮಾರಾಟವಾಗುತ್ತವೆ. ಪಾಲು ಹಂಚಲು ಎರಡು ದಾರಿ. ತೂಕದ ಮೇಲೆ ಹಂಚಿದರೆ ಬೇಳೆಯ ಪಾಲು ಶೇ 75, ಕ್ವಿಂಟಾಲಿಗೆ 4.9 ಕೆ.ಜಿ. ಬೆಲೆಯ ಮೇಲೆ ಹಂಚಿದರೆ, ಬೇಳೆಗೆ 100 ಇದ್ದಾಗ ನುಚ್ಚಿಗೆ 50, ಚುನಿಗೆ 20 ಎಂದಿಟ್ಟುಕೊಂಡರೆ, ಬೇಳೆಯ ಪಾಲು ಸುಮಾರು ಶೇ 92, ಕ್ವಿಂಟಾಲಿಗೆ 6.0 ಕೆ.ಜಿ.

ಒಂದೇ ಮಿಲ್ಲು, ಒಂದೇ ದಿನ, ಎರಡು ಉತ್ತರ. ಎರಡೂ ಸುಳ್ಳಲ್ಲ. ಕಳೆದ ವರ್ಷ ಬೆಲೆಯ ಮೇಲೆ ಹಂಚಿ ಈ ವರ್ಷ ತೂಕದ ಮೇಲೆ ಹಂಚಿ ಕಾರ್ಬನ್ ಇಳಿಸಿದೆವು ಎನ್ನುವುದು ಮಾತ್ರ ಸುಳ್ಳು. ಒಂದನ್ನು ಆರಿಸಿ ಮೊದಲ ಪುಟದಲ್ಲೇ ಬರೆದಿಡಿ. ಕೊಳ್ಳುವ ಕಂಪನಿಯವರು ಯಾವ ಪದ್ಧತಿ ಬೇಕೆಂದು ಹೇಳಿದ್ದರೆ ಅದನ್ನೇ.

ಹಂತ 6: ದುಡಿಯುವವರ ಸಾಲು

ಇದನ್ನು ಖಾಲಿ ಬಿಡುವವರೇ ಜಾಸ್ತಿ. ಅಳೆಯುವುದು ಕಷ್ಟವಲ್ಲ. ರೋಲರಿನ ಪಕ್ಕ ಶಬ್ದ ಎಷ್ಟು? ಎಂಟು ಗಂಟೆಯ ಕೆಲಸಕ್ಕೆ ಕಾರ್ಖಾನೆ ನಿಯಮದ ಮಿತಿ 90 ಡೆಸಿಬೆಲ್. ಒಂದು ಕೈ ಅಳತೆ ದೂರದಲ್ಲಿ ನಿಂತವರೊಂದಿಗೆ ಕೂಗಿ ಮಾತಾಡಬೇಕಾದರೆ ಅಳತೆಗೆ ತಜ್ಞರನ್ನು ಕರೆಸುವ ಹೊತ್ತು ಬಂತು ಎಂದು ತಿಳಿಯಿರಿ. ಒಬ್ಬ ಹಮಾಲ ದಿನಕ್ಕೆ ಎಷ್ಟು ಚೀಲ, ಎಷ್ಟು ಹೆಜ್ಜೆ ಹೊರುತ್ತಾನೆ ಎಣಿಸಿ. ಕಚ್ಚಾ ರಾಶಿಯಿಂದ ಶುದ್ಧೀಕರಣದ ಗುಂಡಿಗೆ 40 ಹೆಜ್ಜೆ ಇದ್ದದ್ದನ್ನು 12ಕ್ಕೆ ಇಳಿಸಿದರೆ ಅದು ಲೀನ್ ಸಾಗಣೆಯ ಉಳಿತಾಯವೂ ಹೌದು, ಒಂದು ಬೆನ್ನಿನ ಉಳಿತಾಯವೂ ಹೌದು.

ಅಂಗಳದ ಕೆಲಸದ ಗಂಟೆಗಳನ್ನು ಬರೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸತಲ್ಲ. ಸಿಮೆಂಟಿನ ಅಂಗಳದ ಮೇಲೆ ಮಧ್ಯಾಹ್ನ ಕಾಳು ತಿರುವುವವರ ಕಾಲಿಗೆ ಅದಕ್ಕಿಂತ ಹೆಚ್ಚು ತಟ್ಟುತ್ತದೆ. ತಿರುವುವ ಕೆಲಸ ಬೆಳಿಗ್ಗೆ 10ರ ಒಳಗೆ ಮತ್ತು ಸಂಜೆ 4ರ ಮೇಲೆ ಎಂದು ಗೊತ್ತು ಮಾಡಿದರೆ ಕಾಳೇನೂ ಕೆಡುವುದಿಲ್ಲ.

ಧೂಳನ್ನು ಎರಡು ಕಾರಣಕ್ಕೆ ನೋಡಬೇಕು. ಉಸಿರಿಗೆ ಒಂದು. ಇನ್ನೊಂದು, ಹೊಟ್ಟಿನ ನುಣ್ಣನೆ ಧೂಳು ಮುಚ್ಚಿದ ಜಾಗದಲ್ಲಿ ಗಾಳಿಯಲ್ಲಿ ದಟ್ಟವಾದಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ತೊಲೆಯ ಮೇಲಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಿ ತೆಗೆಯುವುದನ್ನು ಇವತ್ತೇ ನಿಲ್ಲಿಸಿ. ಅದು ಕೂತ ಧೂಳನ್ನು ಎಬ್ಬಿಸಿ ಅಪಾಯ ಮಾಡುವ ಕೆಲಸ, ಅದೂ ದುಬಾರಿ ಗಾಳಿಯಿಂದ.

ಹಂತ 7: ಏನನ್ನು ತಿದ್ದಬೇಕು, ಯಾವುದನ್ನು ಬಿಡಬೇಕು

ನಕ್ಷೆ ಮುಗಿದಾಗ ಹತ್ತಿಪ್ಪತ್ತು ಸುಧಾರಣೆ ಕಣ್ಣಿಗೆ ಬೀಳುತ್ತವೆ. ಮೂರನ್ನು ಮಾತ್ರ ಆರಿಸಿ. ಒಂದೊಂದನ್ನೂ ನಾಲ್ಕು ಪ್ರಶ್ನೆಗೆ ಒಡ್ಡಿ: ದಿನ ಕಡಿಮೆಯಾಗುತ್ತದೆಯೇ, ಬೇಳೆಯ ಉತಾರ (ನೂರು ಕೆ.ಜಿ. ತೊಗರಿಗೆ ಸಿಗುವ ಬೇಳೆ) ಏರುತ್ತದೆಯೇ, ಇಂಗಾಲ ಇಳಿಯುತ್ತದೆಯೇ, ದುಡಿಯುವವರಿಗೆ ಹಗುರವೇ. ಒಂದಕ್ಕೆ ಲಾಭವಾಗಿ ಇನ್ನೊಂದಕ್ಕೆ ನಷ್ಟವಾಗುವುದಿದ್ದರೆ ಅಂಕಿ ಹಾಕಿ ನೋಡಬೇಕು. ಎಲ್ಲವನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂಬ ಒಂದೇ ಅಂಕ ಕೊಡುವ ತಂತ್ರಾಂಶಗಳನ್ನು ನಂಬಬೇಡಿ. ಕಿವುಡಾಗುವ ಮಿಸ್ತ್ರಿಯ ನಷ್ಟವನ್ನು ಕರೆಂಟಿನ ಉಳಿತಾಯ ಆ ಅಂಕದೊಳಗೆ ಮುಚ್ಚಿಹಾಕುತ್ತದೆ. ನಾಲ್ಕು ಸಾಲು ನಾಲ್ಕಾಗಿಯೇ ಇರಲಿ.

ಬಿಸಿಲಂಗಳವನ್ನೇ ನೋಡಿ. ಬರೀ ಲೀನ್ ಕಣ್ಣಿಗೆ ಅದು ಮೂರು ದಿನದ ಕಾಯುವಿಕೆ, ಯಂತ್ರದ ಡ್ರೈಯರ್ ತಂದು ಒಂದು ದಿನಕ್ಕೆ ಇಳಿಸಿ ಎನ್ನುತ್ತದೆ. ಲೆಕ್ಕ ಹಾಕೋಣ. 10,000 ಕೆ.ಜಿ. ತೊಗರಿಯನ್ನು ಶೇ 12ರಿಂದ ಶೇ 9ಕ್ಕೆ ಒಣಗಿಸಲು 8,800 ÷ 0.91, ಅಂದರೆ 9,670 ಕೆ.ಜಿ.ಗೆ ಇಳಿಸಬೇಕು, 330 ಕೆ.ಜಿ. ನೀರು ತೆಗೆಯಬೇಕು. ಸಾಧಾರಣ ಡ್ರೈಯರಿಗೆ ಒಂದು ಕೆ.ಜಿ. ನೀರು ತೆಗೆಯಲು ಸುಮಾರು 5 ಮೆಗಾಜೂಲ್ ಶಾಖ ಹಿಡಿದರೆ 1,650 ಮೆಗಾಜೂಲ್. ಡೀಸೆಲ್ಲಾದರೆ ದಿನಕ್ಕೆ ಸುಮಾರು 46 ಲೀಟರ್, ಇಂಗಾಲ 123 ಕೆ.ಜಿ. ಇಡೀ ಮಿಲ್ಲಿನ 474ರ ಮೇಲೆ ಕಾಲು ಭಾಗಕ್ಕೂ ಹೆಚ್ಚು. ಜನವರಿಯಿಂದ ಮೇವರೆಗೆ ಪುಕ್ಕಟೆ ಬಿಸಿಲು ಇರುವ ಊರಲ್ಲಿ ಇದು ಬುದ್ಧಿವಂತಿಕೆಯಲ್ಲ.

ಹಾಗಂತ ಡ್ರೈಯರ್ ಬೇಡವೇ ಬೇಡ ಎಂದೂ ಅಲ್ಲ. ಮಳೆಗಾಲದಲ್ಲಿ ಅಂಗಳ ನೆನೆದು ಕಾಳು ಮತ್ತೆ ತೇವ ಎಳೆದುಕೊಂಡರೆ ಸಿಪ್ಪೆ ಬಿಡುವುದಿಲ್ಲ, ರೋಲರಿನಲ್ಲಿ ಒಂದು ಸುತ್ತು ಹೆಚ್ಚು ಹಾಕಬೇಕು, ಬೇಳೆ ಪುಡಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡ್ರೈಯರ್, ಉಳಿದ ಕಾಲ ಅಂಗಳ. ಇಂಧನವಾಗಿ ಹೊಟ್ಟನ್ನು ಸುಡುವ ಮುಂಚೆ ಅದರ ಮೇವಿನ ಬೆಲೆ ನೋಡಿ. ದನ ತಿನ್ನುವುದನ್ನು ಒಲೆಗೆ ಹಾಕುವುದು ನಷ್ಟವೇ. ತೊಗರಿ ಕಟ್ಟಿಗೆ ಈ ಭಾಗದಲ್ಲಿ ಸುಗ್ಗಿಯ ನಂತರ ಸಿಗುತ್ತದೆ, ಅದನ್ನು ಒತ್ತಿ ಮಾಡಿದ ಉರುವಲಿನ ಇಟ್ಟಿಗೆ ಸಿಕ್ಕರೆ ಅದು ಮೇಲು. ಬಿಸಿಲಿನ ದಿನಗಳಲ್ಲಿ ಕಾಳನ್ನು ತೆಳ್ಳಗೆ ಹರವಿ, ಹೊತ್ತಿಗೆ ಸರಿಯಾಗಿ ತಿರುವಿ, ಸಂಜೆ ಗುಡ್ಡೆ ಹಾಕಿ ತಾಡಪತ್ರಿ ಹೊದಿಸಿದರೆ ಮೂರು ದಿನದ ಒಣಗು ಎರಡಕ್ಕೆ ಬರುವ ಸಾಧ್ಯತೆ ಇದೆ. ಅದಕ್ಕೆ ಖರ್ಚು ಇಲ್ಲ.

ಇನ್ನು ರೋಲರು. ಮಿಲ್ಲಿನ ಹಣವೂ ಇಂಗಾಲವೂ ಹೆಚ್ಚಾಗಿ ಇಲ್ಲೇ ಸೋರುತ್ತವೆ. ಗಾತ್ರ ಬೇರ್ಪಡಿಸದ ಕಾಳನ್ನು ಒಟ್ಟಿಗೆ ಹಾಕಿದರೆ ದಪ್ಪ ಕಾಳು ನುಚ್ಚಾಗುತ್ತದೆ, ಸಣ್ಣ ಕಾಳು ಸಿಪ್ಪೆ ಸಮೇತ ಹೊರಬರುತ್ತದೆ. ಸಣ್ಣದರ ಸಿಪ್ಪೆ ತೆಗೆಯಲು ಮತ್ತೊಂದು ಸುತ್ತು, ಆ ಸುತ್ತಿನಲ್ಲಿ ಈಗಾಗಲೇ ಬೆಳ್ಳಗಾದ ಕಾಳು ಮತ್ತಷ್ಟು ಸವೆತ. ಮೊದಲೇ ಜರಡಿಯಲ್ಲಿ ಮೂರು ಗಾತ್ರ ಮಾಡಿ, ಒಂದೊಂದಕ್ಕೂ ರೋಲರಿನ ಸಂದು ಬೇರೆ ಇಡಿ.

ಎಷ್ಟು ಸುತ್ತು ಸಾಕು ಎಂದು ತಿಳಿಯಲು ಪರೀಕ್ಷೆ ಇದು. ಪ್ರತಿ ಸುತ್ತಿನ ನಂತರ ರೋಲರಿನ ಬಾಯಿಂದ 200 ಗ್ರಾಂ ಹಿಡಿದು ಬಿಳಿ ತಟ್ಟೆಗೆ ಸುರಿದು ಐದು ಗುಂಪು ಮಾಡಿ: ಸಿಪ್ಪೆ ಇರುವ ಕಾಳು, ಸಿಪ್ಪೆ ಹೋದ ಇಡೀ ಕಾಳು ಅಂದರೆ ಗೋಟಾ, ಬೇಳೆ, ನುಚ್ಚು, ಪುಡಿ. ಒಂದೊಂದನ್ನೂ ತೂಗಿ. ಮೂರನೇ ಸುತ್ತಿನಲ್ಲಿ ಸಿಪ್ಪೆ ಇದ್ದ ಕಾಳು 9 ಗ್ರಾಂ ಕಡಿಮೆಯಾಗಿ ನುಚ್ಚು ಮತ್ತು ಪುಡಿ 11 ಗ್ರಾಂ ಹೆಚ್ಚಾಗಿದ್ದರೆ ಆ ಸುತ್ತು ಬೇಡ. ಸಿಪ್ಪೆ ಉಳಿದದ್ದನ್ನು ಬೇರ್ಪಡಿಸಿ ಅದಕ್ಕಷ್ಟೇ ಮತ್ತೆ ಎಣ್ಣೆ, ನೀರು ಹಚ್ಚಿ ಒಣಗಿಸಿ ಹಾಕಿ. ಎಣ್ಣೆ 100 ಕೆ.ಜಿ.ಗೆ 200ರಿಂದ 500 ಗ್ರಾಂ ಸಾಕು. ಅಂದಾಜಿನಲ್ಲಿ ಸುರಿಯುವ ಬದಲು ಅಳತೆಯ ಡಬ್ಬಿ ಇಡಿ. ಎಮರಿ, ಅಂದರೆ ರೋಲರಿನ ಮೇಲಿನ ಖರಖರ ಕಲ್ಲಿನ ಪದರ, ಸವೆದಿದ್ದರೆ ಯಾವ ಸಂದು ಇಟ್ಟರೂ ಪ್ರಯೋಜನವಿಲ್ಲ. ಬದಲಿಸಿದ ತಾರೀಖನ್ನು ರೋಲರಿನ ಮೇಲೇ ಬರೆದಿಡಿ.

ಹೀಗೆ ಉತಾರ ಶೇ 72ರಿಂದ 74ಕ್ಕೆ ಬಂದರೆ ದಿನಕ್ಕೆ 200 ಕೆ.ಜಿ. ಬೇಳೆ ಹೆಚ್ಚು. ಕರೆಂಟು ಅಷ್ಟೇ ಖರ್ಚಾದರೂ, ಪಾಲು ಹಂಚದ ಲೆಕ್ಕದಲ್ಲಿ ಕ್ವಿಂಟಾಲಿಗೆ 6.6 ಇದ್ದ ಇಂಗಾಲ 6.4 ಆಗುತ್ತದೆ. ಇದು ಸಣ್ಣದಾಗಿ ಕಾಣುತ್ತದೆ, ಏಕೆಂದರೆ ನಮ್ಮ ಗಡಿ ಗೇಟಿನಲ್ಲೇ ನಿಂತಿದೆ. ಆ 200 ಕೆ.ಜಿ. ಬೆಳೆಯಲು ಹೊಲದಲ್ಲಿ ಬಿದ್ದ ನೀರು, ಗೊಬ್ಬರ, ಬೆವರು ಈ ಲೆಕ್ಕದಲ್ಲಿಲ್ಲ. ಅದಕ್ಕೇ ಉತಾರದ ಸುಧಾರಣೆಯನ್ನು ಯಾವತ್ತೂ ಮೊದಲ ಸಾಲಿನಲ್ಲಿಡಿ, ಚಾವಣಿಯ ಸೋಲಾರನ್ನು ಕೊನೆಯಲ್ಲಿ. ಪೋಲು ಇಳಿಸುವ ಮುಂಚೆ ಸೋಲಾರ್ ಹಾಕಿದವರು ಸೋರುವ ಗಾಳಿಗೂ ಪ್ಯಾನೆಲ್ ಕೊಂಡಂತೆ ಆಗುತ್ತದೆ.

ಅತಿ ಪಾಲಿಶ್ ಬಗ್ಗೆ ಒಂದು ಮಾತು. ಹೊಳಪಿಗಾಗಿ ಮತ್ತೆ ಮತ್ತೆ ಉಜ್ಜುವುದು ಅತಿ ಸಂಸ್ಕರಣೆಯ ಪಾಠದ ಉದಾಹರಣೆ. ಕರೆಂಟು ಕೊಟ್ಟು ಬೇಳೆಯನ್ನೇ ಪುಡಿ ಮಾಡಿ ಚುನಿಯ ಬೆಲೆಗೆ ಮಾರುವ ಕೆಲಸ. ಪಾಲಿಶ್ ಇಲ್ಲದ್ದನ್ನು ಕೊಳ್ಳುವ ಗಿರಾಕಿ ಇದ್ದರೆ ಆ ಮಾಲಿಗೆ ಬೇರೆ ಚೀಲ, ಬೇರೆ ಹಾಳೆ ಮಾಡಿ. ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಆ ಹೆಸರಿಗೆ ಬೆಲೆ ಬರುವುದು ರುಚಿಯಿಂದ, ಹೊಳಪಿನಿಂದ ಅಲ್ಲ.

ಹಂತ 8: ನಾಲ್ಕು ವಾರದ ಪರೀಕ್ಷೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಜರಡಿಯನ್ನೂ ಎಮರಿಯನ್ನೂ ಒಟ್ಟಿಗೆ ಬದಲಿಸಿದರೆ ಲಾಭ ಯಾವುದರಿಂದ ಬಂತೆಂದು ಗೊತ್ತಾಗದು. ಬದಲಾವಣೆಗೆ ಮುಂಚಿನ ಎರಡು ವಾರ, ನಂತರದ ಎರಡು ವಾರ, ಅದೇ ತಳಿ, ಅದೇ ತೇವಾಂಶದ ಮಾಲು. ರೋಲರಿನ ಪಕ್ಕದ ಬೋರ್ಡಿನಲ್ಲಿ ದಿನಕ್ಕೆ ನಾಲ್ಕೇ ಅಂಕಿ: ಉತಾರ, ಕ್ವಿಂಟಾಲ್ ಬೇಳೆಗೆ ಯೂನಿಟ್, ನುಚ್ಚಿನ ಪ್ರಮಾಣ, ಗಾಯ ಅಥವಾ ತೊಂದರೆ. ಬರೆಯುವುದು ಮಿಸ್ತ್ರಿಯ ಕೈಯಿಂದ ಆಗಲಿ. ಮುನೀಮ ತಿಂಗಳ ಕೊನೆಯಲ್ಲಿ ಕೂತು ಮೂವತ್ತು ದಿನದ ಅಂಕಿ ಒಂದೇ ಪೆನ್ನಿನಲ್ಲಿ ತುಂಬಿದ ಬೋರ್ಡು ನೋಡಿದ ಕೂಡಲೇ ಗೊತ್ತಾಗುತ್ತದೆ.

ಐದು ಎಸ್ ಎಂಬ ಪದ್ಧತಿ, ಅಂದರೆ ಬೇಡದ್ದನ್ನು ತೆಗೆ, ಬೇಕಾದ್ದಕ್ಕೆ ಜಾಗ ಮಾಡು, ಸ್ವಚ್ಛ ಇಡು, ಒಂದೇ ರೀತಿ ಮಾಡು, ರೂಢಿಯಾಗಿಸು ಎಂಬುದು, ಈ ಹಂತದಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲೇ ಮಾಡಿದರೆ ಬರೀ ಬಣ್ಣ.

ಶಹಾಬಾದ್, ಚಿತ್ತಾಪುರ ಕಡೆಯ ಫರಸಿ ಕಲ್ಲಿನ ಪಾಲಿಶ್ ಘಟಕದವರೂ ಇದೇ ಹಾಳೆ ಬಳಸಬಹುದು. ಅಳತೆಯ ಘಟಕ ನೂರು ಚದರ ಅಡಿ ಪಾಲಿಶ್ ಆದ ಕಲ್ಲು, ತೇವಾಂಶದ ಜಾಗದಲ್ಲಿ ನೀರು ಮತ್ತು ಕೆಸರಿನ ತಾಳೆ, ನುಚ್ಚಿನ ಜಾಗದಲ್ಲಿ ಮೂಲೆ ಒಡೆದ ಚಪ್ಪಡಿ. ಉಳಿದದ್ದೆಲ್ಲ ಹಾಗೆಯೇ.

ಸರ್ಕಾರದ ನೆರವು

ಉದ್ಯಮ್ ನೋಂದಣಿ ಇರುವ ಘಟಕಕ್ಕೆ ಕೇಂದ್ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಸಚಿವಾಲಯದ ಎರಡು ಯೋಜನೆ ನೇರವಾಗಿ ಇದಕ್ಕೆ ಸಂಬಂಧಿಸಿವೆ. 2022ರ ಏಪ್ರಿಲ್‌ನಲ್ಲಿ ಶುರುವಾದ ಝಡ್‌ಇಡಿ (ದೋಷವಿಲ್ಲದ, ಪರಿಸರಕ್ಕೆ ಹಾನಿ ಮಾಡದ ತಯಾರಿಕೆ) ಪ್ರಮಾಣಪತ್ರ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಮಟ್ಟದ್ದು. ಅದರ ಶುಲ್ಕದಲ್ಲಿ ಅತಿ ಸಣ್ಣ ಘಟಕಕ್ಕೆ ಶೇ 80, ಸಣ್ಣದಕ್ಕೆ ಶೇ 60, ಮಧ್ಯಮಕ್ಕೆ ಶೇ 50 ಸಬ್ಸಿಡಿ ಎಂದು ಯೋಜನೆ ಹೇಳುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ಲೀನ್ ಯೋಜನೆಯಲ್ಲಿ ಸಲಹೆಗಾರರ ಖರ್ಚಿನ ಶೇ 90 ಸರ್ಕಾರದ್ದು. ಅರ್ಜಿ ಹಾಕುವ ಮುಂಚೆ ಪೋರ್ಟಲಿನಲ್ಲಿ ಈಗಿನ ನಿಯಮ ನೋಡಿಕೊಳ್ಳಿ.

ಸಲಹೆಗಾರರು ಬಂದ ಮೊದಲ ದಿನವೇ ನಿಮ್ಮ ತೂಕದ ತಾಳೆ ಮತ್ತು ನಾಲ್ಕು ವಾರದ ಬೋರ್ಡಿನ ಅಂಕಿ ಅವರ ಮುಂದಿಡಿ. ಅದನ್ನು ಪಕ್ಕಕ್ಕೆ ಸರಿಸಿ ಬೇರೆ ಊರಿನ ನಮೂನೆಯ ಹಾಳೆ ತೆಗೆದರೆ, ಬೇರೆಯವರನ್ನು ಕಳಿಸಿ ಎಂದು ಕೇಳಿ.